ಟ್ರೊಸ್ಸುಲಸ್: ರೋಮಿನ ರಾವುತ, ಶೀತಸಮುದ್ರದ ಪಚ್ಚಿಲೆ

ಇಟಲಿಯ ಎತ್ರೂರಿಯಾ ಸೀಮೆಯಲ್ಲಿ, ವೊಲ್ಸಿನಿ ಪಟ್ಟಣಕ್ಕೆ ಒಂಬತ್ತು ಮೈಲಿ ಈಚೆ, ಟ್ರೊಸ್ಸುಲಮ್ ಎಂಬ ಊರಿತ್ತು. ಕಾಲಾಳುಗಳ ನೆರವಿಲ್ಲದೆ ರೋಮಿನ ರಾವುತರು ತಾವೇ ಆ ಊರನ್ನು ಗೆದ್ದರು. ಅಂದಿನಿಂದ ಅವರನ್ನು ‘ಟ್ರೊಸ್ಸುಲಿ’ ಎಂದು ಕರೆಯತೊಡಗಿದರು. ಒಬ್ಬನೇ ಆದರೆ ‘ಟ್ರೊಸ್ಸುಲಸ್’. ಇದನ್ನು ಬರೆದಿಟ್ಟವನು ಹಿರಿಯ ಪ್ಲಿನಿ, ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಸತ್ತವನು. ತನ್ನ ‘ನಿಸರ್ಗ ಇತಿಹಾಸ’ದ 33ನೆಯ ಭಾಗದಲ್ಲಿ ಚಿನ್ನದ ಉಂಗುರ, ಉಂಗುರ ತೊಡುವ ಅಧಿಕಾರವಿದ್ದ ರಾವುತ ವರ್ಗ, ಹೀಗೆ ಮಾತು ಹರಿದಾಗ ಅವನು ಈ ಹೆಸರನ್ನು ನೆನೆಯುತ್ತಾನೆ. ನೆನೆದು ತನಗಿಂತ ಹಿಂದಿನ ಲೇಖಕನೊಬ್ಬನ ಮಾತನ್ನೂ ಸೇರಿಸುತ್ತಾನೆ: ಈ ಬಿರುದಿನ ಮೂಲ ಜನಕ್ಕೆ ಮರೆತುಹೋಗಿದೆ, ಹಾಗೆ ಕರೆಸಿಕೊಳ್ಳಲು ಎಷ್ಟೋ ಮಂದಿ ನಾಚುತ್ತಾರೆ ಎಂದು.

ನಾಚಿಕೆಗೆ ಕಾರಣವಿತ್ತು. ಪ್ಲಿನಿಯ ಕಾಲಕ್ಕಾಗಲೇ ಸೆನೆಕ ಮತ್ತು ಪರ್ಸಿಯಸ್ ಈ ಪದವನ್ನು ಬೇರೆ ಅರ್ಥದಲ್ಲಿ ಬಳಸಿದ್ದರು. ಅವರ ಬರಹದಲ್ಲಿ ಟ್ರೊಸ್ಸುಲಸ್ ಎಂದರೆ ಊರು ಗೆದ್ದ ವೀರನಲ್ಲ, ಮೈಗೆ ಸುಗಂಧ ಬಳಿದುಕೊಂಡು ಬೀದಿಯಲ್ಲಿ ಮೆರೆಯುವ ಷೋಕಿಲಾಲ. ನಮ್ಮ ಭಾಷಾಶಾಸ್ತ್ರದ ಪುಸ್ತಕಗಳು ಇದನ್ನು ಹೀನಾರ್ಥಪ್ರಾಪ್ತಿ ಎನ್ನುತ್ತವೆ. ‘ಪಾಷಂಡ’ ಎಂಬ ಮಾತಿಗೂ ಇದೇ ಗತಿಯಾಯಿತು. ಅಶೋಕ ತನ್ನ 12ನೆಯ ಶಿಲಾಶಾಸನದಲ್ಲಿ ಎಲ್ಲ ಮತಪಂಥಗಳನ್ನೂ ಗೌರವದಿಂದ ಕರೆದದ್ದು ಆ ಪದದಿಂದಲೇ; ನಮ್ಮ ಸನ್ನತಿಯಲ್ಲಿ ದೊರೆತ ಕಲ್ಲಿನಲ್ಲೂ ಆ ಶಾಸನದ ಭಾಗವಿದೆ. ಅದೇ ಮಾತು ಕನ್ನಡಕ್ಕೆ ಬರುವಷ್ಟರಲ್ಲಿ ಪಾಷಂಡಿ ಎಂಬ ಬೈಗುಳವಾಗಿತ್ತು. ಇಂಥ ಪದಗಳು ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತವೆ. ಟ್ರೊಸ್ಸುಲಸ್ ಮಾತ್ರ ಮುಗಿಯಲಿಲ್ಲ. ಇಂದು ಆ ಪದವನ್ನು ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಉತ್ತರ ಪೆಸಿಫಿಕ್, ಬಾಲ್ಟಿಕ್, ಬಿಳಿ ಸಮುದ್ರಗಳ ಬಂಡೆಗಳಿಗೆ ಅಂಟಿಕೊಂಡು ಬದುಕುವ ಒಂದು ಚಿಪ್ಪುಪ್ರಾಣಿ.

ಆ ಪ್ರಾಣಿಯ ಬಂಧು ನಮ್ಮ ಕರಾವಳಿಯಲ್ಲೂ ಇದೆ. ತುಳುವಿನಲ್ಲಿ ಪಚ್ಚಿಲೆ, ಕಾರವಾರದ ಕಡೆ ನೀಲಿಕಲ್ಲು. ಅಂಚಿನಲ್ಲಿ ಹಸಿರು ಮಿರುಗುವ ಈ ಚಿಪ್ಪಿನ ಶಾಸ್ತ್ರೀಯ ಹೆಸರು ಇಂದು ಪೆರ್ನಾ ವಿರಿಡಿಸ್. ಆದರೆ 1758ರಲ್ಲಿ ಸ್ವೀಡನ್ನಿನ ಲಿನೇಯಸ್ ತನ್ನ ‘ಸಿಸ್ಟಮಾ ನ್ಯಾಚುರೇ’ಯ ಹತ್ತನೆಯ ಆವೃತ್ತಿಯಲ್ಲಿ ಅದನ್ನು ಮೈಟಿಲಸ್ ವಿರಿಡಿಸ್ ಎಂದು ಕರೆದಿದ್ದ. ತನ್ನ ದೇಶದ ಕಡಲಲ್ಲಿ ಸಿಗುವ ಕಪ್ಪು ನೀಲಿ ಚಿಪ್ಪಿಗೆ ಅದೇ ಪುಸ್ತಕದಲ್ಲಿ ಅವನಿಟ್ಟ ಹೆಸರು ಮೈಟಿಲಸ್ ಎಡ್ಯುಲಿಸ್. ಒಂದೇ ಕುಲದೊಳಗೆ ಒಂದರ ಹೆಸರಿನರ್ಥ ಹಸಿರು, ಇನ್ನೊಂದರದು ತಿನ್ನಲು ಯೋಗ್ಯ. ಕುಲದ ಹೆಸರು ಗ್ರೀಕಿನಿಂದ ಲ್ಯಾಟಿನ್ನಿಗೆ ಬಂದದ್ದು. ಇಂಗ್ಲಿಷಿನ ಮಸಲ್ ಮಾತ್ರ ‘ಪುಟ್ಟ ಇಲಿ’ ಎಂಬ ಅರ್ಥದ ಲ್ಯಾಟಿನ್ ಪದದ ಮೊಮ್ಮಗು. ಇಲ್ಲಿ ಆ ಶೀತಸಮುದ್ರದ ಪ್ರಾಣಿಗಳನ್ನೂ ಪಚ್ಚಿಲೆ ಎಂದೇ ಕರೆಯುತ್ತೇನೆ. ಕರಾವಳಿಯವರ ಬಾಯಲ್ಲಿ ಜೀವಂತವಾಗಿರುವ ಹೆಸರು ಇರುವಾಗ ಇನ್ನೊಂದನ್ನು ಹುಟ್ಟಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಟ್ರೊಸ್ಸುಲಸ್ ಎಂಬ ಪದವನ್ನು ಲ್ಯಾಟಿನ್ ಕೋಶದಿಂದ ಮೇಲೆತ್ತಿದವನು ಬಾಸ್ಟನ್ನಿನ ವೈದ್ಯ ಅಗಸ್ಟಸ್ ಆಡಿಸನ್ ಗೂಲ್ಡ್. 1838ರಿಂದ 1842ರವರೆಗೆ ಅಮೆರಿಕದ ನೌಕಾಪಡೆಯ ಚಾರ್ಲ್ಸ್ ವಿಲ್ಕ್ಸ್ ಮುಂದಾಳಾಗಿ ನಡೆಸಿದ ಸಮುದ್ರಯಾನದಲ್ಲಿ ಸಂಗ್ರಹವಾದ ಚಿಪ್ಪುಗಳನ್ನು ವರ್ಣಿಸುವ ಕೆಲಸ ಅವನ ಪಾಲಿಗೆ ಬಂತು. ಪೆಸಿಫಿಕ್‌ನ ವಾಯವ್ಯ ಅಮೆರಿಕದ ತೀರದಿಂದ ಬಂದ ಪಚ್ಚಿಲೆಯೊಂದಕ್ಕೆ ಅವನು 1850ರಲ್ಲಿ ಮೈಟಿಲಸ್ ಟ್ರೊಸ್ಸುಲಸ್ ಎಂದು ಹೆಸರಿಟ್ಟ. ಹಳೆಯ ಗ್ರೀಸ್ ರೋಮುಗಳ ಕಥಾಪಾತ್ರ, ಪದವಿ, ಬಿರುದುಗಳನ್ನು ಜೀವಿಗಳಿಗೆ ಇಡುವುದು ಆ ಕಾಲದ ಪಂಡಿತರ ರೂಢಿ. ಲಿನೇಯಸ್ ಸ್ವತಃ ಟ್ರಾಯ್ ಯುದ್ಧದ ವೀರರನ್ನು ಚಿಟ್ಟೆಗಳಿಗೆ ಹಂಚಿಬಿಟ್ಟಿದ್ದ. ರಾವುತನೊಬ್ಬ ಬಂಡೆಗೆ ಅಂಟಿದ ಚಿಪ್ಪಾದದ್ದು ಹೀಗೆ.

ಹೆಸರು ಬಹುಕಾಲ ಬಾಳಲಿಲ್ಲ. ಪಚ್ಚಿಲೆಯ ಚಿಪ್ಪು ಮೋಸಗಾರ ಚಿಪ್ಪು. ಒತ್ತೊತ್ತಾಗಿ ಬೆಳೆದರೆ ಉದ್ದಕ್ಕೆ ಎಳೆಯುತ್ತದೆ, ಅಲೆಯ ಹೊಡೆತ ಹೆಚ್ಚಿದ್ದಲ್ಲಿ ದಪ್ಪವಾಗುತ್ತದೆ, ಮುದಿಯಾದರೆ ಕೊಕ್ಕು ಬಾಗುತ್ತದೆ. ಒಂದೇ ಬಂಡೆಯ ಎರಡು ಮಗ್ಗುಲಿನ ಪ್ರಾಣಿಗಳು ಎರಡು ಪ್ರಭೇದಗಳಂತೆ ಕಾಣಬಹುದು. ಬರಿಯ ಆಕಾರ ನೋಡಿ ಹೆಸರಿಟ್ಟವರನ್ನು ನಂಬುವುದು ಹೇಗೆ ಎಂದು ನಂತರದ ವಿದ್ವಾಂಸರು ಕೇಳಿದ್ದು ನ್ಯಾಯವೇ. ಇಪ್ಪತ್ತನೆಯ ಶತಮಾನದ ಹೆಚ್ಚಿನ ಪುಸ್ತಕಗಳಲ್ಲಿ ಉತ್ತರದ ತಣ್ಣೀರಿನಲ್ಲಿ ಎಲ್ಲೇ ನೀಲಿ ಪಚ್ಚಿಲೆ ಕಂಡರೂ ಅದು ಎಡ್ಯುಲಿಸ್. ಅಲಾಸ್ಕಾದ್ದೂ ಎಡ್ಯುಲಿಸ್, ಹಾಲೆಂಡಿನದ್ದೂ ಎಡ್ಯುಲಿಸ್. ಗೂಲ್ಡ್ ಕೊಟ್ಟ ಹೆಸರು ಪರ್ಯಾಯನಾಮಗಳ ಪಟ್ಟಿಗೆ ಸರಿಯಿತು.

ಆದರೂ ಆ ಪಟ್ಟಿಯಿಂದ ಅದನ್ನು ಯಾರೂ ಅಳಿಸಲಿಲ್ಲ. ಪ್ರಾಣಿಗಳ ನಾಮಕರಣಕ್ಕೆ ಒಂದು ಕಟ್ಟುನಿಟ್ಟಾದ ನಿಯಮವಿದೆ: ಕ್ರಮಪ್ರಕಾರ ಮೊದಲು ಪ್ರಕಟವಾದ ಹೆಸರಿಗೇ ಹಕ್ಕು. ಒಂದು ಹೆಸರು ಬೇಡವೆಂದು ಬದಿಗಿಟ್ಟರೂ ಮುಂದೆ ಅದೇ ಪ್ರಾಣಿ ಬೇರೆಯೆಂದು ರುಜುವಾತಾದರೆ ಹೊಸ ಹೆಸರು ಹುಟ್ಟಿಸುವಂತಿಲ್ಲ, ಹಳೆಯದನ್ನೇ ಕರೆದು ಕೂರಿಸಬೇಕು. ಹೊರಗಿನವರಿಗೆ ಇದು ಗುಮಾಸ್ತಗಿರಿಯಂತೆ ತೋರಬಹುದು. ನನಗಂತೂ ಇದು ವಿಜ್ಞಾನದ ಅತಿ ದೊಡ್ಡ ಸೌಜನ್ಯಗಳಲ್ಲಿ ಒಂದಾಗಿ ಕಾಣುತ್ತದೆ. ಹಿಂದಿನವನ ಕಣ್ಣು ಕಂಡದ್ದನ್ನು, ಅದಕ್ಕೆ ಪುರಾವೆ ಸಾಲದಿದ್ದ ಕಾಲದಲ್ಲೂ, ಜೋಪಾನ ಮಾಡುವ ಏರ್ಪಾಡು ಅದು.

ಪುರಾವೆ ಬಂದದ್ದು ಗಂಜಿಯ ಪಾಕದಿಂದ. ಆಲೂಗೆಡ್ಡೆಯ ಪಿಷ್ಟವನ್ನು ಕಾಯಿಸಿ ಅಚ್ಚಿಗೆ ಹೊಯ್ದರೆ ಅದು ಗಟ್ಟಿಯಾಗಿ ನಡುಗುವ ಹಲಗೆಯಾಗುತ್ತದೆ. ಪಚ್ಚಿಲೆಯ ಮಾಂಸದ ಚೂರನ್ನು ಅರೆದು, ಆ ರಸದಲ್ಲಿ ಸೋಸುಕಾಗದದ ತುಣುಕನ್ನು ಅದ್ದಿ, ಹಲಗೆಯಲ್ಲಿ ಕೊಯ್ದ ಸೀಳಿನೊಳಗೆ ಸಾಲಾಗಿ ನಿಲ್ಲಿಸುತ್ತಾರೆ. ತಣ್ಣಗಿಟ್ಟು ಗಂಟೆಗಟ್ಟಲೆ ವಿದ್ಯುತ್ ಹರಿಸುತ್ತಾರೆ. ರಸದಲ್ಲಿನ ಕಿಣ್ವಗಳು ತಂತಮ್ಮ ವಿದ್ಯುದಂಶಕ್ಕೆ ತಕ್ಕಂತೆ ಮುಂದೆ ಸರಿಯುತ್ತವೆ, ಕೆಲವು ಬೇಗ, ಕೆಲವು ನಿಧಾನ. ಆಮೇಲೆ ಹಲಗೆಯನ್ನು ಅಡ್ಡಡ್ಡಲಾಗಿ ತೆಳ್ಳಗೆ ಸೀಳಿ ಬಣ್ಣ ಹಾಕಿದರೆ ಒಂದೊಂದು ಪ್ರಾಣಿಗೂ ಒಂದೊಂದು ಗೆರೆ, ಇಲ್ಲವೇ ಎರಡು ಮೂರು ಗೆರೆ ಮೂಡುತ್ತದೆ. ಒಂದೇ ಕಿಣ್ವಕ್ಕೆ ಗೆರೆ ಬೇರೆ ಬೇರೆ ಎಡೆಯಲ್ಲಿ ಬಿದ್ದರೆ ಅದನ್ನು ಬರೆಯುವ ವಂಶವಾಹಿಯಲ್ಲಿ ಪಾಠಾಂತರವಿದೆ ಎಂದರ್ಥ. ಪಂಪಭಾರತದ ಓಲೆಪ್ರತಿಗಳನ್ನು ಎದುರುಬದುರು ಇಟ್ಟು ಯಾವ ಪ್ರತಿ ಯಾವುದರ ವಂಶಕ್ಕೆ ಸೇರಿದ್ದು ಎಂದು ಸಂಪಾದಕರು ಗುರುತಿಸುವ ಹಾಗೆ, ಪಾಠಾಂತರಗಳ ಪ್ರಮಾಣ ಎಣಿಸಿ ಯಾವ ತೀರದ ಪಚ್ಚಿಲೆ ಯಾರ ಬಳಗ ಎಂದು ಹೇಳಬಹುದು.

ಅಮೆರಿಕದ ರಿಚರ್ಡ್ ಕೇನ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಈ ವಿಧಾನವನ್ನು ಪಚ್ಚಿಲೆಗಳ ಮೇಲೆ ಪಟ್ಟುಹಿಡಿದು ನಡೆಸಿದರು. ಮೊದಲು ಅವರ ಗಮನ ಸೆಳೆದದ್ದು ನ್ಯೂಯಾರ್ಕಿನ ಬದಿಯ ಲಾಂಗ್ ಐಲ್ಯಾಂಡ್ ಸೌಂಡ್. ಹೊರಗಿನ ಉಪ್ಪು ಕಡಲಿನಿಂದ ಒಳಗಿನ ಸಪ್ಪೆ ನೀರಿನ ಕಡೆ ಹೋದಂತೆ ಒಂದು ಕಿಣ್ವದ ಒಂದು ಪಾಠಾಂತರ ಕೆಲವೇ ಮೈಲಿಗಳಲ್ಲಿ ಥಟ್ಟನೆ ಇಳಿದುಬಿಡುತ್ತಿತ್ತು. ಇದು ಸೋಜಿಗದ ಸಂಗತಿ. ಹೆಣ್ಣು ಪಚ್ಚಿಲೆಯೊಂದು ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ. ಮರಿಗಳು ವಾರಗಟ್ಟಲೆ ಪ್ರವಾಹದಲ್ಲಿ ತೇಲಿ ಎಲ್ಲೋ ಹೋಗಿ ನೆಲೆಸುತ್ತವೆ. ಇಷ್ಟು ತೇಲಾಟದ ಮೇಲೆ ಎಲ್ಲ ಕಡೆಯೂ ವಂಶವಾಹಿಗಳು ಕಲಸಿಹೋಗಿ ಒಂದೇ ಆಗಿರಬೇಕು ಅನ್ನಿಸುವುದು ಸಹಜ. ಆದರೆ ಹಾಗಾಗಿರಲಿಲ್ಲ. ಪ್ರತಿ ಪೀಳಿಗೆಯಲ್ಲೂ ಹೊರಗಿನಿಂದ ಮರಿಗಳು ಒಳಬರುತ್ತಲೇ ಇದ್ದವು. ಅವುಗಳಲ್ಲಿ ಸಪ್ಪೆ ನೀರಿಗೆ ಒಗ್ಗದ ಪಾಠದವು ನೆಲೆಸಿದ ಮೇಲೆ ಸಾಯುತ್ತಿದ್ದವು.

1988ರ ಸುಮಾರಿಗೆ ಚಿತ್ರ ಬದಲಾಯಿತು. ಜಾನ್ ಮೆಕ್‌ಡೊನಾಲ್ಡ್ ಮತ್ತು ಕೇನ್ ಉತ್ತರ ಅಮೆರಿಕದ ಪೆಸಿಫಿಕ್ ತೀರದ ಪಚ್ಚಿಲೆಗಳನ್ನು ಪರೀಕ್ಷಿಸಿದರು. ಕಿಣ್ವದ ಗೆರೆಗಳು ಅಟ್ಲಾಂಟಿಕ್‌ನ ಎಡ್ಯುಲಿಸ್‌ಗೆ ಹೊಂದಲೇ ಇಲ್ಲ. ಆರೆಗಾನ್‌ನಿಂದ ಅಲಾಸ್ಕಾದವರೆಗಿನವು ಒಂದು ಬಳಗ; ದಕ್ಷಿಣ ಕ್ಯಾಲಿಫೋರ್ನಿಯಾದವು ಇನ್ನೊಂದು, ಮೆಡಿಟರೇನಿಯನ್ ಸಮುದ್ರದ ಪಚ್ಚಿಲೆಯದೇ ಪಡಿಯಚ್ಚು. ಮೆಡಿಟರೇನಿಯನ್ನಿನದಕ್ಕೆ 1819ರಲ್ಲಿ ಲಾಮಾರ್ಕ್ ಇಟ್ಟ ಗ್ಯಾಲೊಪ್ರೊವಿನ್ಶಿಯಾಲಿಸ್ ಎಂಬ ಹೆಸರು ಇತ್ತು. ಉತ್ತರದ ಬಳಗಕ್ಕೆ ಹೆಸರು ಹುಡುಕಿದರೆ ಪರ್ಯಾಯನಾಮಗಳ ಪಟ್ಟಿಯಲ್ಲಿ ಗೂಲ್ಡ್‌ನ ರಾವುತ 138 ವರ್ಷಗಳಿಂದ ಅಲ್ಲೇ ಇದ್ದ. 1991ರಲ್ಲಿ ವೇಲ್ಸ್‌ನ ರೇಮಂಡ್ ಸೀಡ್ ಅವರೂ ಸೇರಿ ಉತ್ತರ ದಕ್ಷಿಣ ಗೋಲಾರ್ಧಗಳೆರಡರ ಪಚ್ಚಿಲೆಗಳನ್ನು ತೂಗಿನೋಡಿದ ಮೇಲೆ ಮೂರು ಪ್ರಭೇದಗಳ ಮಾತು ಗಟ್ಟಿಯಾಯಿತು. ಗಮನಿಸಬೇಕಾದದ್ದೆಂದರೆ, ಯಾವುದು ಬೇರೆ ಎಂದು ಕಿಣ್ವ ತೋರಿಸಿಕೊಟ್ಟ ಮೇಲೆ ಚಿಪ್ಪಿನ ಅಳತೆಗಳಲ್ಲೂ ಸಣ್ಣ ವ್ಯತ್ಯಾಸಗಳು ಎದ್ದು ಕಂಡವು. ಗೂಲ್ಡ್‌ನ ಕಣ್ಣು ಪೂರ್ತಿ ತಪ್ಪಿರಲಿಲ್ಲ.

ಎಡ್ಯುಲಿಸ್ ಎಂಬ ಒಂದೇ ಹೆಸರಿನ ಕೆಳಗೆ ಅಷ್ಟು ವರ್ಷ ಏನೇನು ಮುಚ್ಚಿಹೋಗಿತ್ತು ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಕತೆಯೇ ಸಾಕ್ಷಿ. ಮೆಡಿಟರೇನಿಯನ್ ಪಚ್ಚಿಲೆ ಅಲ್ಲಿಗೆ ಯಾವಾಗ ಬಂತು? ಅದು ಬರುವ ಮೊದಲು ಅಲ್ಲಿ ಯಾರಿದ್ದರು? ಜೋನಾಥನ್ ಗೆಲ್ಲರ್ ಉತ್ತರ ಹುಡುಕಿದ್ದು ಕಡಲಿನಲ್ಲಲ್ಲ, ಸಂಗ್ರಹಾಲಯಗಳ ಸೆಳೆಖಾನೆಗಳಲ್ಲಿ. 1900ಕ್ಕೂ ಮೊದಲು ಸಂಗ್ರಹಿಸಿಟ್ಟ ಚಿಪ್ಪುಗಳೊಳಗೆ ಒಣಗಿ ಅಂಟಿಕೊಂಡಿದ್ದ ಮಾಂಸದ ಚೂರುಗಳಿಂದ ಡಿಎನ್‌ಎ ತೆಗೆದು ಓದಿದರು. 1999ರಲ್ಲಿ ಪ್ರಕಟವಾದ ಫಲಿತಾಂಶ ಇದು: ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಆಗ ಇದ್ದದ್ದು ಟ್ರೊಸ್ಸುಲಸ್. ಇಪ್ಪತ್ತನೆಯ ಶತಮಾನದಲ್ಲಿ ನಾಡಿನ ಪಚ್ಚಿಲೆ ಅಲ್ಲಿಂದ ಅಳಿಯಿತು, ಪರದೇಶದ್ದು ಆ ಜಾಗದಲ್ಲಿ ಕೂತಿತು. ತೀರದುದ್ದಕ್ಕೂ ಇದು ನಡೆಯುತ್ತಿರುವಾಗ ಜೀವವಿಜ್ಞಾನಿಗಳು ಅದೇ ಬಂಡೆಗಳ ಮೇಲೆ ಅಧ್ಯಯನ ಮಾಡುತ್ತಿದ್ದರು, ಪ್ರಬಂಧಗಳನ್ನು ಬರೆಯುತ್ತಿದ್ದರು. ಬರೆದದ್ದೆಲ್ಲ ಎಡ್ಯುಲಿಸ್ ಎಂದು. ಒಂದು ಪ್ರಾಣಿ ತನ್ನ ಸೀಮೆಯನ್ನು ಕಳೆದುಕೊಂಡದ್ದು ಯಾರಿಗೂ ಕಾಣದೆ ಹೋಯಿತು. ಹೆಸರುಗಳ ಮಟ್ಟಿಗೆ ನಾನು ಯಾಕೆ ಇಷ್ಟು ಹಟ ಹಿಡಿಯುತ್ತೇನೆ ಎಂದು ಯಾರಾದರೂ ಕೇಳಿದರೆ ಇದನ್ನೇ ಮುಂದಿಡುತ್ತೇನೆ.

ಟ್ರೊಸ್ಸುಲಸ್ ಯಾಕೆ ಸೋತಿತು ಎಂಬುದಕ್ಕೂ ವಂಶವಾಹಿಯಲ್ಲೇ ಸುಳಿವಿದೆ. ಅದು ತಣ್ಣೀರಿನ ಪ್ರಾಣಿ, ಮೆಡಿಟರೇನಿಯನ್ನಿನದು ಬೆಚ್ಚಗಿನ ನೀರಿನದು. ಜಾರ್ಜ್ ಸೊಮೆರೊ ಮತ್ತು ಜೊತೆಗಾರರು ಎರಡರಲ್ಲೂ ಇರುವ ಮ್ಯಾಲೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವನ್ನು ಹೋಲಿಸಿ ನೋಡಿದರು. ಮುನ್ನೂರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಆ ಸರಪಣಿಯಲ್ಲಿ ಎರಡೂ ಪ್ರಾಣಿಗಳಿಗೆ ಇರುವ ವ್ಯತ್ಯಾಸ ಬೆರಳೆಣಿಕೆಯದು. ಅದರಲ್ಲೂ ಒಂದೇ ಒಂದು ಬದಲಾವಣೆ ಸಾಕು, ಬಿಸಿ ಏರಿದಾಗ ಕಿಣ್ವದ ಹಿಡಿತ ಸಡಿಲವಾಗುವುದೋ ಉಳಿಯುವುದೋ ನಿರ್ಧಾರವಾಗಲು.

ಮೂರು ಹೆಸರುಗಳನ್ನು ಬೇಗನೆ ಬೇರ್ಪಡಿಸುವ ಕೀಲಿ 1995ರಲ್ಲಿ ಸಿಕ್ಕಿತು, ಅದೂ ಪಚ್ಚಿಲೆಯ ಅಂಟಿನಲ್ಲಿ. ಬಂಡೆಯಿಂದ ಪಚ್ಚಿಲೆ ಕಿತ್ತವರಿಗೆ ಗೊತ್ತು, ಚಿಪ್ಪಿನ ಅಂಚಿನಿಂದ ಕಂದು ಬಣ್ಣದ ನಾರಿನ ಗೊಂಚಲು ಹೊರಟು ಬಂಡೆಯನ್ನು ಕಚ್ಚಿಕೊಂಡಿರುತ್ತದೆ. ಎಳೆದರೆ ಬೆರಳಿಗೆ ಗಾಯವಾದೀತೇ ಹೊರತು ನಾರು ಬಿಡುವುದಿಲ್ಲ. ಪ್ರತಿ ನಾರಿನ ತುದಿಯಲ್ಲಿ ಸಣ್ಣ ಬಿಲ್ಲೆ, ಬಿಲ್ಲೆಯಲ್ಲಿ ನೀರೊಳಗೂ ಹಿಡಿಯುವ ಅಂಟು. ಈ ಅಂಟಿನ ಪ್ರೋಟೀನನ್ನು ಹರ್ಬರ್ಟ್ ವೇಟ್ 1980ರ ದಶಕದ ಆರಂಭದಲ್ಲಿ ಬಿಡಿಸಿ ನೋಡಿದ್ದರು. ಜಪಾನಿನ ಇನೊವೆ ಮತ್ತು ಸಂಗಡಿಗರು, ವೇಟ್ ಅವರೂ ಜೊತೆಗೂಡಿ, ಆ ಪ್ರೋಟೀನಿನ ವಂಶವಾಹಿಯ ಒಂದು ತುಂಡನ್ನು ಮೂರೂ ಪ್ರಭೇದಗಳಲ್ಲಿ ನಕಲು ಮಾಡಿ ಅಳೆದರು. ಎಡ್ಯುಲಿಸ್‌ನಲ್ಲಿ ಆ ತುಂಡಿನ ಉದ್ದ 180 ಅಕ್ಷರ, ಟ್ರೊಸ್ಸುಲಸ್‌ನಲ್ಲಿ 168, ಗ್ಯಾಲೊಪ್ರೊವಿನ್ಶಿಯಾಲಿಸ್‌ನಲ್ಲಿ 126. ಮಿಶ್ರಸಂತಾನದಲ್ಲಿ ಎರಡು ಉದ್ದಗಳೂ ಒಟ್ಟಿಗೆ ಕಾಣುತ್ತವೆ. ಚಿಪ್ಪು ಸುಳ್ಳು ಹೇಳಿದರೂ ಅಂಟು ಹೇಳುವುದಿಲ್ಲ ಎಂದು ಎಲ್ಲರೂ ಈ ಪರೀಕ್ಷೆಯನ್ನು ಕೈಗೆತ್ತಿಕೊಂಡರು.

ಹಾಗೆ ಕೈಗೆತ್ತಿಕೊಂಡವರಿಗೆ ಟ್ರೊಸ್ಸುಲಸ್ ಪೆಸಿಫಿಕ್ ದಾಟಿಯೂ ಸಿಗತೊಡಗಿತು: ಕೆನಡಾದ ಪೂರ್ವ ತೀರದಲ್ಲಿ, ನಾರ್ವೆಯ ಕೆಲವೆಡೆ, ರಷ್ಯದ ಬಿಳಿ ಸಮುದ್ರದಲ್ಲಿ. ಈ ಕುಲವೇ ಮೂಲತಃ ಪೆಸಿಫಿಕ್‌ನದು. ಸುಮಾರು 35 ಲಕ್ಷ ವರ್ಷಗಳ ಹಿಂದೆ ಬೇರಿಂಗ್ ಜಲಸಂಧಿಯ ಮೂಲಕ ಉತ್ತರ ಧ್ರುವಸಾಗರ ಬಳಸಿ ಅಟ್ಲಾಂಟಿಕ್‌ಗೆ ಬಂದ ಪೂರ್ವಜರಿಂದ ಎಡ್ಯುಲಿಸ್ ಮತ್ತು ಮೆಡಿಟರೇನಿಯನ್ ಪಚ್ಚಿಲೆ ಹುಟ್ಟಿಕೊಂಡವು. ಪೆಸಿಫಿಕ್‌ನಲ್ಲೇ ಉಳಿದ ಬಳಗ ಟ್ರೊಸ್ಸುಲಸ್. ಬಹಳ ಕಾಲದ ಮೇಲೆ ಅದೂ ಅದೇ ಹಿಮದ ದಾರಿ ಹಿಡಿದು ಬಂದು ತನ್ನ ದಾಯಾದಿಗಳನ್ನು ಕೂಡಿಕೊಂಡಿತು.

ಹೆಸರಿಗೆ ಅತಿ ಕಠಿಣ ಪರೀಕ್ಷೆ ಒಡ್ಡಿದ್ದು ಬಾಲ್ಟಿಕ್ ಸಮುದ್ರ. ಉತ್ತರ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ ಬಾಲ್ಟಿಕ್‌ನ ನಡುವೆ ಆರೇಳು ಗ್ರಾಂ. ಅಲ್ಲಿನ ಪಚ್ಚಿಲೆಗಳು ಕುಳ್ಳು, ಮೂರು ನಾಲ್ಕು ಸೆಂಟಿಮೀಟರು ಬೆಳೆದರೆ ಹೆಚ್ಚು, ಚಿಪ್ಪು ತೆಳು. ಅವನ್ನು ತಂದು ಉಪ್ಪು ನೀರಿನಲ್ಲಿ ಕಟ್ಟಿದಾಗ ಬೇಗ ಬೇಗ ಬೆಳೆದವು, ಅಂದರೆ ಕುಳ್ಳುತನಕ್ಕೆ ಮುಖ್ಯ ಕಾರಣ ನೀರೇ. ಆದರೆ ಕಿಣ್ವದ ಗೆರೆಗಳು ಬೇರೊಂದು ಮಾತು ಹೇಳಿದವು: ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಕಿರುಗಡಲು ದಾಟುತ್ತಿದ್ದಂತೆ ವಂಶವಾಹಿಗಳು ಥಟ್ಟನೆ ಟ್ರೊಸ್ಸುಲಸ್ ಕಡೆ ಹೊರಳುತ್ತವೆ. ಫಿನ್ಲೆಂಡಿನ ರಿಸ್ತೊ ವೈನೊಲಾ ಮತ್ತಿತರರು ಇದನ್ನು ಬಿಡಿಸಿ ತೋರಿಸಿದರು. ಸರಿ, ಬಾಲ್ಟಿಕ್ ಪಚ್ಚಿಲೆ ಟ್ರೊಸ್ಸುಲಸ್ ಎಂದು ಬರೆದುಬಿಡೋಣವೆಂದರೆ ಅದರ ಮೈಟೊಕಾಂಡ್ರಿಯಾ ಬಿಡುವುದಿಲ್ಲ. ಜೀವಕೋಶಕ್ಕೆ ಶಕ್ತಿ ಕೊಡುವ ಈ ಕಣಗಳಿಗೆ ತಮ್ಮದೇ ಡಿಎನ್‌ಎ ಇದೆ. ಬಾಲ್ಟಿಕ್ ಪಚ್ಚಿಲೆಗಳಲ್ಲಿ ಅದು ಎಡ್ಯುಲಿಸ್‌ನದು. ಯಾವುದೋ ಕಾಲದಲ್ಲಿ ಎರಡೂ ಕೂಡಿ, ಕೋಶದ ನಡುವಿನ ಪಠ್ಯ ಬಹುಪಾಲು ಒಬ್ಬರದು, ಅಂಚಿನ ಪಠ್ಯ ಇನ್ನೊಬ್ಬರದು ಎಂಬಂತಾಗಿದೆ.

ಇದರ ಜೊತೆಗೆ ಪಚ್ಚಿಲೆಗಳಲ್ಲಿ ಮೈಟೊಕಾಂಡ್ರಿಯಾ ಇಳಿದುಬರುವ ಕ್ರಮವೇ ವಿಲಕ್ಷಣ. ನಮ್ಮಲ್ಲಿ ಅದು ತಾಯಿಯಿಂದ ಮಾತ್ರ ಬರುತ್ತದೆ. ಪಚ್ಚಿಲೆಯಲ್ಲಿ ತಾಯಿಯದು ಮಕ್ಕಳೆಲ್ಲರಿಗೂ ಬರುತ್ತದೆ. ತಂದೆಯದು ಗಂಡುಮಕ್ಕಳಿಗೆ ಮಾತ್ರ ಬಂದು ಅವರ ವೃಷಣದಲ್ಲಿ ನೆಲೆಸುತ್ತದೆ. 1994ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನು ಖಚಿತಪಡಿಸಿದವು. ತಾಯಿಯ ಸಾಲು, ತಂದೆಯ ಸಾಲು ಎಂದು ಒಂದೇ ಪ್ರಾಣಿಯಲ್ಲಿ ಎರಡು ವಂಶಾವಳಿ! ಬಾಲ್ಟಿಕ್ ಪಚ್ಚಿಲೆಗೆ ಇಂದು ಕೆಲವರು ಟ್ರೊಸ್ಸುಲಸ್ ಎನ್ನುತ್ತಾರೆ, ಕೆಲವರು ಮಿಶ್ರಬಳಗವೆಂದು ವಿವರಿಸಿ ಬರೆಯುತ್ತಾರೆ. ಎರಡನೆಯವರ ದಾರಿಯೇ ನನಗೆ ಸರಿ ಕಾಣುತ್ತದೆ. ಎಡ್ಯುಲಿಸ್ ಎಂಬ ಹೆಸರನ್ನು ಹಿಗ್ಗಿಸಿ ಹಿಗ್ಗಿಸಿ ಕ್ಯಾಲಿಫೋರ್ನಿಯಾವನ್ನು ಕಾಣದಂತೆ ಮಾಡಿದ ಮೇಲೆ ಟ್ರೊಸ್ಸುಲಸ್ ಅನ್ನೂ ಹಾಗೆ ಹಿಗ್ಗಿಸಬಾರದು.

ಸ್ಕಾಟ್‌ಲೆಂಡಿನಲ್ಲಿ ಈ ಪದ ಕಾನೂನಿನ ಪುಸ್ತಕ ಸೇರಿತು. ಪಶ್ಚಿಮ ತೀರದ ಲಾಕ್ ಎಟಿವ್ ಎಂಬ ಹಿನ್ನೀರಿನಲ್ಲಿ ಹಗ್ಗ ಇಳಿಬಿಟ್ಟು ಪಚ್ಚಿಲೆ ಬೆಳೆಸುತ್ತಿದ್ದವರಿಗೆ ಒಂದು ಕಾಟ ಶುರುವಾಯಿತು. ಬೆಳೆಯ ಒಂದು ಭಾಗದ ಚಿಪ್ಪು ತೆಳ್ಳಗೆ, ಯಂತ್ರದಲ್ಲಿ ಗಾತ್ರ ವಿಂಗಡಿಸುವಾಗ ಪುಡಿಯಾಗುತ್ತಿತ್ತು, ಮಾಂಸವೂ ಕಡಿಮೆ. ವಂಶವಾಹಿ ಪರೀಕ್ಷೆ ಮಾಡಿಸಿದರೆ ಅಲ್ಲಿ ಮೂರೂ ಪ್ರಭೇದಗಳು ಮತ್ತು ಅವುಗಳ ಮಿಶ್ರಸಂತಾನ ಸಿಕ್ಕವು. ತೆಳು ಚಿಪ್ಪಿನವು ಟ್ರೊಸ್ಸುಲಸ್. 2008ರಲ್ಲಿ ಈ ವರದಿ ಪ್ರಕಟವಾಯಿತು. ಮುಂದೆ ಅಲ್ಲಿನ 2013ರ ಜಲಕೃಷಿ ಮತ್ತು ಮೀನುಗಾರಿಕೆ ಕಾಯ್ದೆಯಡಿ ಹೊರಟ ಆದೇಶ ಟ್ರೊಸ್ಸುಲಸ್ ಅನ್ನು ವಾಣಿಜ್ಯಕ್ಕೆ ಹಾನಿಕರವಾದ ಪ್ರಭೇದವೆಂದು ಹೆಸರಿಸಿತು. ಬೆಳೆಗಾರನ ನಷ್ಟ ನಿಜ, ಅದನ್ನು ಹಗುರವಾಗಿ ಕಾಣಲಾಗದು. ಆದರೂ ತೆಳು ಚಿಪ್ಪು ಟ್ರೊಸ್ಸುಲಸ್‌ನ ತಪ್ಪಲ್ಲ. ಸಪ್ಪೆ ಬೆರೆತ ತಣ್ಣೀರಿನಲ್ಲಿ ಸಾವಿರಾರು ವರ್ಷ ಬದುಕಲು ಅದಕ್ಕೆ ಒದಗಿಬಂದ ಮೈ ಅದು. ಹಗ್ಗಕ್ಕೂ ವಿಂಗಡಣೆಯ ಯಂತ್ರಕ್ಕೂ ಹೊಂದಲಿಲ್ಲ, ಅಷ್ಟೆ.

ಪದದ ಇತ್ತೀಚಿನ ಬಾಳು ಇನ್ನೂ ವಿಚಿತ್ರ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಟ್ರೊಸ್ಸುಲಸ್‌ಗಳಲ್ಲಿ ರಕ್ತದ ಕ್ಯಾನ್ಸರಿನಂಥ ರೋಗವಿತ್ತು. 2016ರಲ್ಲಿ ಮೈಕೆಲ್ ಮೆಟ್ಸ್‌ಗರ್ ಮತ್ತು ಸಂಗಡಿಗರು ರೋಗದ ಕೋಶಗಳ ಡಿಎನ್‌ಎಯನ್ನು ಅದೇ ಪ್ರಾಣಿಯ ಮಿಕ್ಕ ದೇಹದ ಡಿಎನ್‌ಎ ಜೊತೆ ಹೋಲಿಸಿದರು. ಎರಡೂ ಒಂದೇ ಆಗಿರಲಿಲ್ಲ. ಎಂದೋ ಒಂದು ಪಚ್ಚಿಲೆಯಲ್ಲಿ ಹುಟ್ಟಿದ ಕ್ಯಾನ್ಸರ್ ಆ ಪ್ರಾಣಿ ಸತ್ತ ಮೇಲೂ ನೀರಿನ ಮೂಲಕ ಮತ್ತೊಂದಕ್ಕೆ, ಮಗದೊಂದಕ್ಕೆ ಹರಡುತ್ತ ಬಂದಿತ್ತು. 2019ರಲ್ಲಿ ಫ್ರಾನ್ಸ್ ಮತ್ತು ನೆದರ್ಲೆಂಡ್ಸ್‌ನ ಎಡ್ಯುಲಿಸ್‌ಗಳಲ್ಲೂ ಚಿಲಿ, ಅರ್ಜೆಂಟೀನಾಗಳ ಚಿಲೆನ್ಸಿಸ್ ಎಂಬ ಇನ್ನೊಂದು ಬಗೆಯ ಪಚ್ಚಿಲೆಗಳಲ್ಲೂ ಇಂಥದೇ ರೋಗ ಪತ್ತೆಯಾಯಿತು. ಅಟ್ಲಾಂಟಿಕ್‌ನ ಎರಡೂ ಬದಿಯ ಆ ಕೋಶಗಳು ಒಂದೇ ಮೂಲದವು, ಆ ಮೂಲ ಒಂದು ಟ್ರೊಸ್ಸುಲಸ್. ದಕ್ಷಿಣ ಅಮೆರಿಕದ ಆ ತೀರದಲ್ಲಿ ಟ್ರೊಸ್ಸುಲಸ್ ಎಂಬ ಪ್ರಾಣಿಯೇ ಇಲ್ಲ. ಹಡಗುಗಳ ತಳಕ್ಕೆ ಅಂಟಿದ ಪಚ್ಚಿಲೆಗಳು ಈ ರೋಗವನ್ನು ಹೊತ್ತು ತಂದಿರಬಹುದು ಎಂದು ಸಂಶೋಧಕರ ಊಹೆ. ಅಂತೂ ಚಿಲಿಯ ರೋಗಿ ಪಚ್ಚಿಲೆಯ ರಕ್ತದ ತೊಟ್ಟನ್ನು ಪರೀಕ್ಷಿಸಿದವರು ಪ್ರಾಣಿಯ ಹೆಸರಿನ ಎದುರು ಚಿಲೆನ್ಸಿಸ್ ಎಂದೂ ಕ್ಯಾನ್ಸರ್ ಕೋಶದ ಮೂಲದ ಎದುರು ಟ್ರೊಸ್ಸುಲಸ್ ಎಂದೂ ಎರಡು ಹೆಸರು ಬರೆಯಬೇಕಾಯಿತು.